ಕ್ಯಾನ್ಸರ್ ಔಷಧಿಯ ಮೊದಲ ಪರೀಕ್ಷೆ: ರೋಗಿಗೆ ಸಲ್ಲಬೇಕಾದುದೇನು?

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಬೋನಸ್ಸಿನ ಮಾತನ್ನಾಗಲಿ, ತೆರಿಗೆಯ ಮಾತನ್ನಾಗಲಿ ಎತ್ತುವುದಿಲ್ಲ. ಕ್ಯಾನ್ಸರ್ ಔಷಧಿಯ ವಿಷಯ ಮಾತನಾಡುತ್ತೇನೆ. ಅದು ಡಾಕ್ಟರರು ಆಡಬೇಕಾದ ಮಾತು, ಮೇಷ್ಟರಿಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಔಷಧಿ ಕೊಡುವುದು ಡಾಕ್ಟರರ ಕೆಲಸ, ಒಪ್ಪಿದೆ. ಆದರೆ ಹೊಸ ಔಷಧಿಯೊಂದನ್ನು ಮನುಷ್ಯನ ಮೈಮೇಲೆ ಮೊಟ್ಟಮೊದಲು ಪರೀಕ್ಷಿಸುವ ಮುನ್ನ ರೋಗಿಯ ಮುಂದೆ ಒಂದು ಕಾಗದ ಬರುತ್ತದೆ. ಆ ಕಾಗದಕ್ಕೆ ರುಜು ಹಾಕುವವರು ನಾವು. ರುಜು ಬಾರದಿದ್ದರೆ ಹೆಬ್ಬೆಟ್ಟು ಒತ್ತುವವರೂ ನಾವೇ. ಕಾಗದ ಓದಿ ಅರ್ಥ ಹೇಳುವುದು ಮೇಷ್ಟರ ಕಸುಬು. ಆದುದರಿಂದ ಈ ಕೆಲಸಕ್ಕೆ ಕೈಹಾಕಿದ್ದೇನೆ.

ಕ್ಯಾನ್ಸರ್ ನಮ್ಮ ಜನಕ್ಕೆ ಹೊಸದಲ್ಲ. ಹೊಗೆಸೊಪ್ಪು, ಬೀಡಿ, ಗುಟ್ಕಾ ನಮ್ಮ ಬಾಯಲ್ಲಿವೆ. ಬಾಯಿಹುಣ್ಣು ಎಂದುಕೊಂಡು ತಿಂಗಳುಗಟ್ಟಲೆ ನುಂಗಿಕೊಂಡಿರುತ್ತೇವೆ. ರಜೆ ಹಾಕಿದರೆ ಸಂಬಳ ಹೋಗುತ್ತದೆ, ಅಂಗಡಿ ಮುಚ್ಚಿದರೆ ಗಿರಾಕಿ ಹೋಗುತ್ತಾನೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಎಷ್ಟೋ ಜನರ ರೋಗ ಬಹಳ ಮುಂದುವರಿದಿರುತ್ತದೆ. ಕೊಯ್ದದ್ದಾಯಿತು, ಕರೆಂಟು ಕೊಟ್ಟದ್ದಾಯಿತು, ಬಾಟಲಿ ಏರಿಸಿದ್ದಾಯಿತು, ರೋಗ ಜಗ್ಗಲಿಲ್ಲ. ಇಂಥ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಯಾರಾದರೂ "ಒಂದು ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ?" ಎಂದು ಕೇಳಬಹುದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆತ ಹೂಂ ಎನ್ನುತ್ತಾನೆ. ಹೂಂ ಎನ್ನಬಾರದು ಎಂದು ಹೇಳಲು ನಾನು ಬಂದಿಲ್ಲ. ಯಾವುದಕ್ಕೆ ಹೂಂ ಎನ್ನುತ್ತಿದ್ದೇವೆ, ಅದಕ್ಕೆ ಬದಲಾಗಿ ನಮಗೆ ಸಲ್ಲಬೇಕಾದುದೇನು ಎಂಬುದನ್ನು ತಿಳಿದು ಹೇಳೋಣ ಎನ್ನುವುದಷ್ಟೇ ನನ್ನ ಮಾತು.

ಕಾರ್ಖಾನೆಯ ಆಳು ಮತ್ತು "ಎಕ್ಸ್" ಎಂಬ ವಸ್ತು

ಇಸವಿ 1942. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಸರ್ಕಾರದ ಗುಪ್ತ ಕೆಲಸದಲ್ಲಿ ತೊಡಗಿದ್ದರು. ಅವರ ಕೈಯಲ್ಲಿದ್ದುದು ಯುದ್ಧದ ವಿಷಾನಿಲದ ಜಾತಿಗೆ ಸೇರಿದ ನೈಟ್ರೊಜನ್ ಮಸ್ಟರ್ಡ್ ಎಂಬ ರಾಸಾಯನಿಕ. ಈ ವಿಷ ರಕ್ತದ ಬಿಳಿಕಣಗಳನ್ನು ನಾಶಮಾಡುತ್ತದೆ ಎಂಬುದು ತಿಳಿದಿತ್ತು. ಬಿಳಿಕಣಗಳನ್ನು ಕೊಲ್ಲುವ ವಿಷ, ಅದೇ ಜಾತಿಯ ಕಣಗಳು ಹದ್ದುಮೀರಿ ಬೆಳೆದ ಗಂತಿಯನ್ನೂ ಕೊಲ್ಲಬಾರದೇಕೆ? ಗಂತಿಯಿದ್ದ ಇಲಿಗೆ ಚುಚ್ಚಿ ನೋಡಿದರು. ಗಂತಿ ಕರಗಿತು.

ಆಮೇಲೆ ಮನುಷ್ಯನ ಸರದಿ. ಮೊದಲ ರೋಗಿಯ ಹೆಸರು ಜಗತ್ತಿಗೆ ಗೊತ್ತಿಲ್ಲ, ದಾಖಲೆಯಲ್ಲಿ ಜೆ.ಡಿ. ಎಂಬ ಎರಡಕ್ಷರ ಮಾತ್ರ ಇದೆ. ಪೋಲೆಂಡಿನಿಂದ ವಲಸೆ ಬಂದು ಬಾಲ್‌ಬೇರಿಂಗ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ. ಕತ್ತಿನ ಗಂತಿ ಬೆಳೆದು ನುಂಗುವುದೂ ಕಷ್ಟವಾಗಿತ್ತು. ಕರೆಂಟಿನ ಚಿಕಿತ್ಸೆಗೆ ಗಂತಿ ಬಗ್ಗದಾಗಿತ್ತು. 1942ರ ಆಗಸ್ಟ್ ಕೊನೆಯಲ್ಲಿ ಚುಚ್ಚುಮದ್ದು ಆರಂಭಿಸಿ 10 ದಿನ ಕೊಟ್ಟರು. ಗಂತಿ ಕುಗ್ಗಿತು, ನುಂಗುವಂತಾಯಿತು. ಆದರೆ ರಕ್ತಕಣಗಳು ಕುಸಿದವು. ಕೆಲವು ವಾರಗಳಲ್ಲಿ ಗಂತಿ ಮತ್ತೆ ಬಂತು. ಡಿಸೆಂಬರಿನಲ್ಲಿ ಆತ ತೀರಿಕೊಂಡ. ಯುದ್ಧದ ಗುಟ್ಟಾದ್ದರಿಂದ ಆತನ ಆಸ್ಪತ್ರೆಯ ಕಾಗದದಲ್ಲಿ ಔಷಧಿಯ ಹೆಸರನ್ನು ಬರೆಯದೆ "ಎಕ್ಸ್" ಎಂದು ಗುರುತು ಹಾಕಿದ್ದರು. ಲೋಕಕ್ಕೆ ಈ ಸಂಗತಿ ಪತ್ರಿಕೆಯಲ್ಲಿ ತಿಳಿದುದು 1946ರಲ್ಲಿ.

ಇಂದು ಕ್ಯಾನ್ಸರಿಗೆ ಬಾಟಲಿ ಏರಿಸುವ ಚಿಕಿತ್ಸೆ ಏನಿದೆಯೋ, ಅದರ ಮೂಲ ಅಲ್ಲಿದೆ. ಈ ಕಥೆಯಲ್ಲಿ ನಾವು ನೆನಪಿಡಬೇಕಾದ ಎರಡು ಸಂಗತಿಗಳಿವೆ. ಕ್ಯಾನ್ಸರ್ ಔಷಧಿಗಳಲ್ಲಿ ಬಹಳಷ್ಟು ಮೂಲತಃ ವಿಷ; ಆದುದರಿಂದಲೇ ಬೇರೆ ಔಷಧಿಗಳನ್ನು ಮೊದಲು ಆರೋಗ್ಯವಂತರ ಮೇಲೆ ನೋಡುವುದಾದರೆ, ಇವನ್ನು ಬೇರೆ ದಾರಿ ಮುಗಿದ ರೋಗಿಗಳ ಮೇಲೆಯೇ ಮೊದಲು ನೋಡುತ್ತಾರೆ. ಇನ್ನೊಂದು, ಆ ವಿದ್ಯೆಗೆ ಮೊದಲು ಮೈಯೊಡ್ಡಿದವನು ಒಬ್ಬ ಕಾರ್ಖಾನೆಯ ಆಳು. ಅವನ ಮೈಗೆ ಹೋದುದು ಏನೆಂದು ಅವನ ಕಾಗದದಲ್ಲಿಯೇ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ನಡೆದ ಹೋರಾಟವೆಲ್ಲ ಆ "ಎಕ್ಸ್" ಎಂಬ ಗುರುತನ್ನು ಅಳಿಸಿ ನಿಜವಾದ ಹೆಸರು ಬರೆಸುವುದಕ್ಕಾಗಿ ನಡೆದದ್ದು ಎನ್ನಬಹುದು.

ಮೊದಲ ಹಂತದ ಲೆಕ್ಕ

ಈಗ ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಗಿರಣಿಗೆ ಹೊಸ ಯಂತ್ರ ಬಂದರೆ ಮೊದಲ ದಿನವೇ ಪೂರಾ ವೇಗದಲ್ಲಿ ಓಡಿಸುವುದಿಲ್ಲ. ನಿಧಾನಕ್ಕೆ ಬಿಟ್ಟು, ಕಾವು ಏರುತ್ತದೆಯೇ, ನಡುಗುತ್ತದೆಯೇ ಎಂದು ನೋಡಿ, ಮತ್ತಷ್ಟು ಬಿಡುತ್ತಾರೆ. ಔಷಧಿಯ ಮೊದಲ ಹಂತದ ಪರೀಕ್ಷೆಯೂ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಕಾವು ಏರುವುದು ಮನುಷ್ಯನ ಮೈಯಲ್ಲಿ.

ಬಹಳ ಕಾಲದಿಂದ ನಡೆದುಬಂದ ಕ್ರಮ ಇದು. ಪ್ರಾಣಿಗಳ ಮೇಲೆ ನೋಡಿ ಲೆಕ್ಕ ಹಾಕಿದ ಬಹು ಸಣ್ಣ ಪ್ರಮಾಣವನ್ನು ಮೊದಲು 3 ರೋಗಿಗಳಿಗೆ ಕೊಡುತ್ತಾರೆ. ಮೂರು ನಾಲ್ಕು ವಾರ ಕಾಯುತ್ತಾರೆ. ಮೂವರಲ್ಲಿ ಯಾರಿಗೂ ತೀವ್ರವಾದ ತೊಂದರೆ ಆಗದಿದ್ದರೆ ಮುಂದಿನ 3 ಜನರಿಗೆ ಪ್ರಮಾಣ ಏರಿಸುತ್ತಾರೆ. ಒಬ್ಬರಿಗೆ ಆದರೆ ಅದೇ ಪ್ರಮಾಣದಲ್ಲಿ ಇನ್ನೂ 3 ಜನರನ್ನು ಸೇರಿಸಿ ನೋಡುತ್ತಾರೆ. ಇಬ್ಬರಿಗೆ ಆದರೆ ಅಲ್ಲಿಗೆ ನಿಲ್ಲಿಸಿ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾರೆ. ಹೀಗೆ ಮೈ ತಾಳಬಲ್ಲ ಅತಿ ಹೆಚ್ಚಿನ ಪ್ರಮಾಣ ಯಾವುದು ಎಂದು ಗೊತ್ತು ಮಾಡುತ್ತಾರೆ. ಈಗ ಇದಕ್ಕಿಂತ ನಯವಾದ ಲೆಕ್ಕಗಳೂ ಬಂದಿವೆ. ಆದರೆ ಏಣಿ ಹತ್ತುವ ಕ್ರಮ ಅದೇ.

ಇದರ ಅರ್ಥವನ್ನು ಬಿಡಿಸಿ ನೋಡಿ. ಏಣಿಯ ಕೆಳಗಿನ ಮೆಟ್ಟಿಲಿನವರಿಗೆ ಸಿಕ್ಕುವ ಔಷಧಿ ರೋಗದ ಮೇಲೆ ಕೆಲಸ ಮಾಡಲಾರದಷ್ಟು ಕಡಿಮೆ ಇರಬಹುದು. ಮೇಲಿನ ಮೆಟ್ಟಿಲಿನವರಿಗೆ ಸಿಕ್ಕುವುದು ತಾಳಲಾರದಷ್ಟು ಹೆಚ್ಚು ಇರಬಹುದು. ಈ ಹಂತದಲ್ಲಿ ಮುಖ್ಯವಾಗಿ ಕೇಳುವ ಪ್ರಶ್ನೆ "ಎಷ್ಟು ಕೊಟ್ಟರೆ ಮೈ ತಾಳುತ್ತದೆ?" ಎಂಬುದು. "ರೋಗ ಗುಣವಾಗುತ್ತದೆಯೇ?" ಎಂಬ ಪ್ರಶ್ನೆಗೆ ಎರಡನೆಯ, ಮೂರನೆಯ ಹಂತಗಳಿವೆ. ಆದರೆ ರೋಗಿ ಆಸ್ಪತ್ರೆಗೆ ಹೋಗುವುದು ಗುಣವಾಗಲೆಂದೇ. ಆಸ್ಪತ್ರೆಯ ಪ್ರಶ್ನೆ ಒಂದು, ರೋಗಿಯ ಪ್ರಶ್ನೆ ಇನ್ನೊಂದು. ಇಬ್ಬರೂ ಒಂದೇ ಕಾಗದದ ಮೇಲೆ ರುಜು ಹಾಕುತ್ತಾರೆ. ಮೋಸವಿಲ್ಲದೆಯೂ ಇಲ್ಲಿ ತಪ್ಪು ತಿಳುವಳಿಕೆ ಹುಟ್ಟುತ್ತದೆ.

ಹಾಗಾದರೆ ಯಾರಿಗೂ ಪ್ರಯೋಜನವಾಗುವುದಿಲ್ಲವೆ? ಆಗುತ್ತದೆ. ಲೆಕ್ಕ ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ 1991ರಿಂದ 2002ರವರೆಗೆ ನಡೆದ 460 ಮೊದಲ ಹಂತದ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವರದಿ 2005ರಲ್ಲಿ ಪ್ರಕಟವಾಯಿತು. ಸುಮಾರು 12 ಸಾವಿರ ರೋಗಿಗಳ ಲೆಕ್ಕ ಅದು. ಗಂತಿ ಗಣನೀಯವಾಗಿ ಕುಗ್ಗಿದ್ದು 100ಕ್ಕೆ 10.6 ಜನರಲ್ಲಿ. ಔಷಧಿಯ ಕಾರಣದಿಂದಲೇ ಸತ್ತವರು 100ಕ್ಕೆ 0.49, ಅಂದರೆ ಸುಮಾರು 200ಕ್ಕೆ ಒಬ್ಬರು. ಆಮೇಲೆ ಬಂದ ಲೆಕ್ಕದಲ್ಲಿ ಸ್ಥಿತಿ ಸುಧಾರಿಸಿದೆ: 2000ರಿಂದ 2005ರವರೆಗಿನ ಪರೀಕ್ಷೆಗಳಲ್ಲಿ 100ಕ್ಕೆ 9.6 ಇದ್ದ ಫಲ, 2013ರಿಂದ 2019ರವರೆಗಿನ ಪರೀಕ್ಷೆಗಳಲ್ಲಿ 18ಕ್ಕೆ ಏರಿತು. ಔಷಧಿಯಿಂದ ಆದ ಸಾವು 100ಕ್ಕೆ 0.7ರಷ್ಟು. ಗಂತಿ ಕುಗ್ಗುವುದೆಂದರೆ ರೋಗ ಹೋಯಿತು ಎಂದಲ್ಲ; ಜೆ.ಡಿ.ಯ ಗಂತಿಯೂ ಕುಗ್ಗಿತ್ತು. ಇನ್ನೂ ಒಂದು ಲೆಕ್ಕ: ಮೊದಲ ಹಂತಕ್ಕೆ ಕಾಲಿಟ್ಟ 100 ಕ್ಯಾನ್ಸರ್ ಔಷಧಿಗಳಲ್ಲಿ ಕೊನೆಗೆ ಅಂಗಡಿಗೆ ಬರುವುವು ಸುಮಾರು 5.

ಸಣ್ಣ ವ್ಯಾಪಾರಸ್ಥರು ಇಲ್ಲಿದ್ದೀರಿ. ಇಂಥ ಲೆಕ್ಕ ತೋರಿಸಿ ಯಾರಾದರೂ ಬಂಡವಾಳ ಕೇಳಿದರೆ ನೀವು ಎರಡು ರಾತ್ರಿ ಯೋಚಿಸುತ್ತೀರಿ. ಹಾಕುವುದು ದೇಹವಾದಾಗ ಇನ್ನೂ ಹೆಚ್ಚು ಯೋಚಿಸಬೇಕು. ಯೋಚಿಸಿದ ಮೇಲೆ ಕೆಲವರು ಸೇರಿಯಾರು, ಕೆಲವರು ಮನೆಗೆ ಹೋಗಿ ನೋವಿಗೆ ಔಷಧಿ ತೆಗೆದುಕೊಂಡು ಮಕ್ಕಳ ಜೊತೆ ಇದ್ದಾರು. ಎರಡೂ ಮರ್ಯಾದೆಯ ದಾರಿಗಳೇ. ಅಮರ್ಯಾದೆಯಾಗುವುದು ಲೆಕ್ಕ ತೋರಿಸದೆ ರುಜು ಹಾಕಿಸಿಕೊಂಡಾಗ.

ಎರಡು ಎಚ್ಚರಿಕೆಗಳು

ಈ ಪರೀಕ್ಷೆಗಳಿಗೆ ಕಟ್ಟುಪಾಡು ಏಕೆ ಬೇಕು ಎಂಬುದಕ್ಕೆ ಎರಡು ಪ್ರಸಂಗಗಳನ್ನು ಹೇಳುತ್ತೇನೆ.

2006ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಟಿಜಿಎನ್ 1412 ಎಂಬ ಹೊಸ ಔಷಧಿಯನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಕೀಲುವಾತಕ್ಕೂ ಆದೀತೆಂದು ಜರ್ಮನಿಯ ಕಂಪೆನಿಯೊಂದು ತಯಾರಿಸಿದ ಔಷಧಿ ಅದು. ದೇಹದ ರಕ್ಷಣಾಶಕ್ತಿಯನ್ನು ಕೆರಳಿಸುವಂಥದು. ವಿಷದ ಜಾತಿಯದಲ್ಲವೆಂದು ಇದನ್ನು ಆರೋಗ್ಯವಂತ ಯುವಕರ ಮೇಲೆ ನೋಡಿದರು. ತಲೆಗೆ 2000 ಪೌಂಡ್ ಕೊಡುವ ಮಾತು. ಮಂಗಗಳಿಗೆ ಏನೂ ಆಗದ ಪ್ರಮಾಣದ 500ನೆಯ ಒಂದು ಪಾಲನ್ನು 6 ಜನರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಏರಿಸಿದರು. ಮೊದಲನೆಯವನಿಗೆ ಏನಾಗುತ್ತದೆಂದು ಕಾಯಲಿಲ್ಲ. ಕೆಲವು ಗಂಟೆಗಳಲ್ಲಿ ಆರೂ ಜನರ ಅಂಗಾಂಗಗಳು ಕೈಕೊಟ್ಟವು. ಆರೂ ಜನ ಬದುಕಿಕೊಂಡರು. ಒಬ್ಬನ ಕಾಲ್ಬೆರಳು, ಕೈಬೆರಳ ತುದಿಗಳು ಹೋದವು. ಆಮೇಲೆ ಯುರೋಪಿನಲ್ಲಿ ನಿಯಮ ಬಿಗಿಯಾಯಿತು: ಒಬ್ಬರಿಗೆ ಕೊಟ್ಟು, ಕಾದು, ನಂತರ ಇನ್ನೊಬ್ಬರಿಗೆ. ಇಷ್ಟು ಸರಳವಾದ ಎಚ್ಚರವನ್ನು ನಮ್ಮ ಹಳ್ಳಿಯ ನಾಟಿವೈದ್ಯನೂ ಬಲ್ಲ. ಅದು ಎಲ್ಲರೂ ಪಾಲಿಸುವ ಕಟ್ಟಳೆಯಾಗಬೇಕಾದರೆ 6 ಜನ ಸಾವಿನ ಬಾಗಿಲವರೆಗೆ ಹೋಗಿಬರಬೇಕಾಯಿತು.

ಎರಡನೆಯದು ನಮ್ಮ ನೆರೆಯದು. 1999–2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿ ಕ್ಯಾನ್ಸರಿನ 25ಕ್ಕೂ ಹೆಚ್ಚು ರೋಗಿಗಳ ಗಂತಿಗೆ ಹೊಸ ರಾಸಾಯನಿಕಗಳನ್ನು ಚುಚ್ಚಿದರು. ಅವು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಪ್ರಯೋಗಶಾಲೆಯಿಂದ ಬಂದವು. ಕೇಂದ್ರದ ವೈದ್ಯರೊಬ್ಬರೇ ಧೈರ್ಯ ಮಾಡಿ ಪ್ರಶ್ನೆ ಎತ್ತಿದ್ದರಿಂದ 2001ರಲ್ಲಿ ವಿಷಯ ಹೊರಬಿತ್ತು. ವಿಶ್ವವಿದ್ಯಾಲಯ ವಿಚಾರಣೆ ನಡೆಸಿತು. ಈ ಪ್ರಯೋಗಕ್ಕೆ ತನ್ನ ಪರಿಶೀಲನಾ ಸಮಿತಿಯ ಒಪ್ಪಿಗೆ ಪಡೆದಿರಲಿಲ್ಲ, ಮನುಷ್ಯರಿಗೆ ಕೊಡುವ ಮುನ್ನ ಪ್ರಾಣಿಗಳ ಮೇಲೆ ನಡೆದ ಪರೀಕ್ಷೆ ಸಾಲದಾಗಿತ್ತು, ರೋಗಿಗಳ ಒಪ್ಪಿಗೆಯ ಪತ್ರವೂ ಸರಿಯಿರಲಿಲ್ಲ ಎಂದು ಒಪ್ಪಿಕೊಂಡಿತು. ಆ ಪ್ರಾಧ್ಯಾಪಕರು ಮುಂದೆ ಮನುಷ್ಯರ ಮೇಲೆ ಸಂಶೋಧನೆ ಮುನ್ನಡೆಸಕೂಡದೆಂದು ತಡೆ ಹಾಕಿತು. ಬಾಯಿ ಕ್ಯಾನ್ಸರು ಹೊಗೆಸೊಪ್ಪು ಅಗಿಯುವವರ ರೋಗ, ದುಡಿಯುವವರ ರೋಗ. ಅಮೆರಿಕದಲ್ಲಿ ಒಪ್ಪಿಗೆಯಿಲ್ಲದೆ ಮಾಡಲಾಗದ ಕೆಲಸ ಇಲ್ಲಿ ನಡೆದುಹೋಯಿತು ಎಂಬುದನ್ನು ನಾವು ಮರೆಯಲಾಗದು.

ಕಾನೂನು ಏನು ಕೊಟ್ಟಿದೆ

ಹೊರದೇಶದಲ್ಲಿ ಕಂಡುಹಿಡಿದ ಔಷಧಿಯ ಮೊದಲ ಹಂತವನ್ನು ಅಲ್ಲಿಯೇ ಮುಗಿಸಬೇಕು, ಇಲ್ಲಿ ನಡೆಸಕೂಡದು ಎಂಬ ನಿರ್ಬಂಧ ನಮ್ಮ ದೇಶದಲ್ಲಿ ಬಹಳ ಕಾಲ ಇತ್ತು. 2005ರಲ್ಲಿ ಔಷಧಿ ಪರೀಕ್ಷೆಯ ನಿಯಮಗಳನ್ನು ಸಡಿಲಿಸಿದ ಮೇಲೆ ಇಲ್ಲಿ ಪರೀಕ್ಷೆಗಳು ಹೆಚ್ಚಿದವು. ದೂರುಗಳೂ ಹೆಚ್ಚಿದವು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಪರಿಹಾರದ ನಿಯಮಗಳು ಬಂದವು; 2019ರ ಮಾರ್ಚ್ ತಿಂಗಳಲ್ಲಿ ಹೊಸ ಔಷಧಿ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಾವಳಿ ಜಾರಿಗೆ ಬಂತು.

ಆ ನಿಯಮಾವಳಿಯಲ್ಲಿ ನಮಗೆ ಬೇಕಾದ ಅಂಶಗಳನ್ನು ಕೇಳಿಕೊಳ್ಳಿ. ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ವಿಷಯ ಹೇಳಬೇಕು. ಓದು ಬಾರದವನಾದರೆ ಪರೀಕ್ಷೆಗೆ ಸಂಬಂಧಪಡದ ಒಬ್ಬ ಸಾಕ್ಷಿ ಎದುರಿಗಿರಬೇಕು. ಒಪ್ಪಿಗೆಯ ಪತ್ರದ ಒಂದು ಪ್ರತಿ ರೋಗಿಯ ಕೈಗೆ ಸಿಗಬೇಕು. ಹೊಸ ರಾಸಾಯನಿಕದ ಪರೀಕ್ಷೆಗೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸಿಕೊಳ್ಳುವಾಗ ಒಪ್ಪಿಗೆ ಕೇಳುವುದನ್ನು ಧ್ವನಿ ಮತ್ತು ಚಿತ್ರ ಸಮೇತ ದಾಖಲು ಮಾಡಿಡಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು. ಬಂದರೆ ಎಂದಿನ ಚಿಕಿತ್ಸೆಯನ್ನು ತಪ್ಪಿಸಕೂಡದು. ಪರೀಕ್ಷೆಯಲ್ಲಿ ಅಪಾಯವಾದರೆ ಬಿಟ್ಟಿ ಚಿಕಿತ್ಸೆ ಕೊಡಬೇಕು. ಅಪಾಯ ಪರೀಕ್ಷೆಯಿಂದಲೇ ಆದುದಾದರೆ ಪರಿಹಾರದ ಹಣವನ್ನೂ ಕೊಡಬೇಕು. ಪ್ರತಿ ಪರೀಕ್ಷೆಗೂ ನೀತಿ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯಲ್ಲಿ ಕನಿಷ್ಠ 7 ಜನ, ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರು, ಒಬ್ಬ ಕಾನೂನು ಬಲ್ಲವರು, ಒಬ್ಬ ಮಹಿಳೆ, ವೈದ್ಯವೃತ್ತಿಗೆ ಸೇರದ ಒಬ್ಬ ಸಾಮಾನ್ಯ ಪ್ರಜೆ ಇರಬೇಕು. ಈ ಸಾಮಾನ್ಯ ಪ್ರಜೆಯ ಮಾತಿಗೆ ಆಮೇಲೆ ಬರುತ್ತೇನೆ.

ಇಷ್ಟು ಚೆನ್ನಾಗಿದೆ. ಈಗ ಪರಿಹಾರದ ಲೆಕ್ಕ. ಪರೀಕ್ಷೆಯಿಂದ ಸಾವು ಸಂಭವಿಸಿದರೆ ಎಷ್ಟು ಹಣ ಎಂಬುದಕ್ಕೆ ನಿಯಮಾವಳಿಯಲ್ಲಿ ಒಂದು ಸೂತ್ರವಿದೆ. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದನ್ನು ವಯಸ್ಸಿನ ಅಂಕದಿಂದಲೂ, ಅಪಾಯದ ಅಂಕದಿಂದಲೂ ಗುಣಿಸಿ 99.37ರಿಂದ ಭಾಗಿಸಬೇಕು. ವಯಸ್ಸಿನ ಅಂಕದ ಪಟ್ಟಿ ಎಲ್ಲಿಂದ ಬಂತು ಬಲ್ಲಿರಾ? ನಮ್ಮದೇ ಕಾರ್ಮಿಕರ ಪರಿಹಾರ ಕಾಯಿದೆಯಿಂದ. ಯಂತ್ರಕ್ಕೆ ಸಿಕ್ಕಿ ಸತ್ತ ಕೆಲಸಗಾರನ ಜೀವಕ್ಕೆ ಬೆಲೆ ಕಟ್ಟಲು 1923ರ ಆ ಕಾಯಿದೆಯಲ್ಲಿ ಇರಿಸಿದ್ದ ಪಟ್ಟಿಯನ್ನೇ ಇಲ್ಲಿಗೂ ತಂದರು. ಔಷಧಿ ಪರೀಕ್ಷೆಗೆ ಮೈಯೊಡ್ಡುವವನು ಒಂದು ರೀತಿಯಲ್ಲಿ ಕೆಲಸಗಾರನೇ ಎಂದು ಕಾಯಿದೆ ಬರೆದವರೇ ಒಪ್ಪಿಕೊಂಡಂತಾಯಿತು!

ಆದರೆ ಅಪಾಯದ ಅಂಕವನ್ನು ನೋಡಿ. ಆರೋಗ್ಯವಂತನಿಗೆ ಅದು 4. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದ ರೋಗಿಗೆ 0.5. ಒಬ್ಬ 66 ವರ್ಷದವನ ಲೆಕ್ಕ ಮಾಡೋಣ. ಆ ವಯಸ್ಸಿಗೆ ಪಟ್ಟಿಯ ಅಂಕವೂ 99.37 ಆದ್ದರಿಂದ ಗುಣಾಕಾರ ಸುಲಭ. ಆತ ಆರೋಗ್ಯವಂತನಾಗಿದ್ದು ಸತ್ತರೆ 8 ಲಕ್ಷದ ನಾಲ್ಕರಷ್ಟು, 32 ಲಕ್ಷ. ಮುಂದುವರಿದ ಕ್ಯಾನ್ಸರಿನ ರೋಗಿಯಾಗಿದ್ದು ಸತ್ತರೆ 8 ಲಕ್ಷದ ಅರ್ಧ, 4 ಲಕ್ಷ. ಎಂಟರಲ್ಲಿ ಒಂದು ಪಾಲು. 30 ದಿನಗಳೊಳಗೆ ಸಾಯುವ ಸಂಭವ 100ಕ್ಕೆ 90 ಅಥವಾ ಹೆಚ್ಚು ಇರುವ ರೋಗಿಯಾದರೆ ಸೂತ್ರವೂ ಇಲ್ಲ, ಒಟ್ಟಾರೆ 2 ಲಕ್ಷ.

ಇದಕ್ಕೂ ಒಂದು ವಾದವಿದೆ. ಹೇಗಿದ್ದರೂ ಬಹುಕಾಲ ಬದುಕದವನ ಜೀವಕ್ಕೆ ನಷ್ಟ ಕಡಿಮೆ. ರೋಗದಿಂದ ಸತ್ತನೋ ಔಷಧಿಯಿಂದ ಸತ್ತನೋ ಬೇರ್ಪಡಿಸುವುದೂ ಕಷ್ಟ ಎನ್ನುತ್ತಾರೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ತೂಗಿ ನೋಡುತ್ತೇನೆ. ಔಷಧಿಯೇ ಕಾರಣವೆಂದು ಗೊತ್ತಾದ ಮೇಲೆ ತಾನೆ ಈ ಸೂತ್ರ ಹಾಕುವುದು? ಆರು ತಿಂಗಳು ಉಳಿದಿರುವವನಿಗೆ ಆ ಆರು ತಿಂಗಳೇ ಇಡೀ ಆಸ್ತಿ. ಮಗಳ ಮದುವೆ ನೋಡುವುದೋ, ಮಗನಿಗೆ ಅಂಗಡಿಯ ಲೆಕ್ಕ ಒಪ್ಪಿಸುವುದೋ ಆ ಆರು ತಿಂಗಳಲ್ಲಿಯೇ. ಅದೂ ಅಲ್ಲದೆ, ಈ ಪರೀಕ್ಷೆಗೆ ಆರೋಗ್ಯವಂತನನ್ನು ತರಲು ಸಾಧ್ಯವಿಲ್ಲವೆಂದೇ ಇವನನ್ನು ಕರೆದದ್ದು. ಇವನಿಲ್ಲದೆ ಕೆಲಸ ನಡೆಯದು ಎಂದಾಗ ಇವನ ಬೆಲೆ ಏರಬೇಕೇ ಹೊರತು ಎಂಟನೆಯ ಒಂದು ಪಾಲಿಗೆ ಇಳಿಯಬಾರದು. ಈ ಅರ್ಧ ಅಂಕವನ್ನು ತೆಗೆದುಹಾಕಬೇಕು ಎಂಬುದು ನಮ್ಮ ಬೇಡಿಕೆಯಾಗಬೇಕು.

ಗೆದ್ದ ಔಷಧಿ, ಅದರ ಬೆಲೆ

ಇನ್ನು ಪರೀಕ್ಷೆ ಗೆದ್ದಾಗ ಏನಾಗುತ್ತದೆ ಎಂಬುದನ್ನು ನೋಡೋಣ. ರಕ್ತದ ಬಿಳಿಕಣಗಳು ಮಿತಿಮೀರಿ ಹೆಚ್ಚುವ ಮೈಲಾಯ್ಡ್ ಲ್ಯುಕೇಮಿಯಾ ಎಂಬ ನಿಧಾನಗತಿಯ ಕ್ಯಾನ್ಸರಿದೆ. ಈ ರೋಗಿಗಳ ಜೀವಕಣದಲ್ಲಿ ಒಂದು ವಿಚಿತ್ರವಾದ ಪುಟ್ಟ ವರ್ಣತಂತು ಇದೆಯೆಂದು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡುಹಿಡಿದರು. ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡು ಹೀಗಾಗುತ್ತದೆಂದು 1973ರಲ್ಲಿ ಜಾನೆಟ್ ರೌಲಿ ಎಂಬ ವೈದ್ಯೆ ತೋರಿಸಿದರು. ಸ್ವಿಚ್ಚು ಕೆಟ್ಟು ನಿಲ್ಲದೆ ಓಡುವ ಮೋಟರಿನಂತೆ, ಆ ತಪ್ಪು ಜೋಡಣೆಯಿಂದ ಹುಟ್ಟಿದ ವಸ್ತು ಬಿಳಿಕಣಗಳನ್ನು ಎಡೆಬಿಡದೆ ಬೆಳೆಸುತ್ತದೆ. ಆ ಸ್ವಿಚ್ಚನ್ನೇ ಹಿಡಿದು ನಿಲ್ಲಿಸುವ ಔಷಧಿ ಇಮ್ಯಾಟಿನಿಬ್. ಅದನ್ನು ತಯಾರಿಸಿದವರು ಸ್ವಿಟ್ಜರ್ಲೆಂಡಿನ ಕಂಪೆನಿಯ ರಸಾಯನಶಾಸ್ತ್ರಜ್ಞರು. ಈ ರೋಗಕ್ಕೆ ಅದು ತಗಲುತ್ತದೆಂದು ಪ್ರಯೋಗಶಾಲೆಯಲ್ಲಿ ತೋರಿಸಿ, ಪರೀಕ್ಷೆಗೆ ಹಟ ಹಿಡಿದವರು ಅಮೆರಿಕದ ಓರೆಗಾನ್‌ನ ಡಾಕ್ಟರ್ ಬ್ರಯಾನ್ ಡ್ರುಕರ್.

1998ರ ಜೂನ್ ತಿಂಗಳಲ್ಲಿ ಮೊದಲ ಹಂತ ಆರಂಭವಾಯಿತು. ಅಂದಿನ ಮುಖ್ಯ ಔಷಧಿ ಇಂಟರ್‌ಫೆರಾನ್ ಫಲಿಸದಿದ್ದ 83 ಜನ ರೋಗಿಗಳು. ದಿನಕ್ಕೆ 25 ಮಿಲಿಗ್ರಾಂನಿಂದ ಶುರುಮಾಡಿ 1000 ಮಿಲಿಗ್ರಾಂವರೆಗೆ ಏಣಿ ಹತ್ತಿದರು. 300 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಸರಿಯಾಯಿತು. ಮೊದಲ ಹಂತದಲ್ಲಿ ಇಂಥ ಫಲ ಅಪರೂಪದಲ್ಲಿ ಅಪರೂಪ. ಸುದ್ದಿ ರೋಗಿಗಳಿಂದ ರೋಗಿಗಳಿಗೆ ಹಬ್ಬಿತು. ಆದರೆ ಕಂಪೆನಿ ತಯಾರಿಸಿದ್ದ ಔಷಧಿ ಸಾಲದು. ಆಗ ರೋಗಿಗಳೇ ಸೇರಿ ಮನವಿ ಬರೆದು, 1999ರಲ್ಲಿ 3000ಕ್ಕೂ ಹೆಚ್ಚು ರುಜು ಕೂಡಿಸಿ ಕಂಪೆನಿಯ ಮುಖ್ಯಸ್ಥರಿಗೆ ಕಳಿಸಿದರು. ಉತ್ಪಾದನೆ ಹೆಚ್ಚಿತು, ಪರೀಕ್ಷೆಗಳು ವಿಸ್ತಾರವಾದವು. 2001ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಔಷಧಿಗೆ ಅನುಮತಿ ಕೊಟ್ಟಿತು. ಹಿಂದೆ ಕೆಲವು ವರ್ಷಗಳಲ್ಲಿ ಸಾವು ತರುತ್ತಿದ್ದ ರೋಗ ಇಂದು ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿದೆ. ಮುಂದೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಈ ಮಾತ್ರೆಯಿಂದ ಚಿಕಿತ್ಸೆ ಆರಂಭಿಸಿದವರಲ್ಲಿ 100ಕ್ಕೆ ಸುಮಾರು 83 ಜನ 10 ವರ್ಷಗಳ ನಂತರವೂ ಬದುಕಿದ್ದರು. ಕೈಕಟ್ಟಿ ಕೂತವರಿಗೆ ಇದು ಇಷ್ಟು ಬೇಗ ಸಿಕ್ಕುತ್ತಿರಲಿಲ್ಲ. ರುಜು ಕೂಡಿಸಿದವರೂ ಇದಕ್ಕೆ ಕಾರಣರು.

ಆದರೆ ಬೆಲೆ? ಅಮೆರಿಕದಲ್ಲಿ 2001ರಲ್ಲಿ ವರ್ಷಕ್ಕೆ ಸುಮಾರು 26 ಸಾವಿರ ಡಾಲರ್ ಇದ್ದುದು 2016ರ ಹೊತ್ತಿಗೆ 1 ಲಕ್ಷ 20 ಸಾವಿರವನ್ನು ದಾಟಿತು. ಔಷಧಿ ಅದೇ, ಮಾತ್ರೆ ಅದೇ. ನಮ್ಮ ದೇಶದಲ್ಲಿ ಕಂಪೆನಿಯ ಮಾತ್ರೆಗೆ ಒಂದು ಕಾಲಕ್ಕೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು. ನಮ್ಮವರೇ ತಯಾರಿಸಿದ ಅದೇ ಔಷಧಿಗೆ ಆಗ ಸುಮಾರು 8ರಿಂದ 10 ಸಾವಿರ ಇತ್ತು. ನಮ್ಮವರು ತಯಾರಿಸಲು ಸಾಧ್ಯವಾದುದು 1970ರ ನಮ್ಮ ಪೇಟೆಂಟ್ ಕಾಯಿದೆಯಿಂದ. ಆ ಕಾಯಿದೆ ಔಷಧಿಯ ಮೇಲೆಯೇ ಏಕಸ್ವಾಮ್ಯ ಕೊಡುತ್ತಿರಲಿಲ್ಲ. 2005ರಲ್ಲಿ ಕಾಯಿದೆ ಬದಲಾಯಿತು. ಆದರೂ ಹಳೆಯ ವಸ್ತುವಿನ ರೂಪವನ್ನು ಸ್ವಲ್ಪ ಮಾರ್ಪಡಿಸಿ, ಗುಣದಲ್ಲಿ ಹೆಚ್ಚಳವಿಲ್ಲದೆ ಹೊಸ ಪೇಟೆಂಟ್ ಕೇಳಬಾರದು ಎಂಬ ಮಾತು 3(ಡಿ) ಕಲಮಿನಲ್ಲಿ ಸೇರಿತು. ಆ ಕಲಮಿನ ಮೇಲೆ ಕ್ಯಾನ್ಸರ್ ರೋಗಿಗಳ ಸಂಘವೂ ನಮ್ಮ ದೇಶದ ತಯಾರಕರೂ ನೊವಾರ್ಟಿಸ್ ಕಂಪೆನಿಯ ವಿರುದ್ಧ ನಿಂತರು. 2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿಯೂ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟೂ ಕಂಪೆನಿಯ ಬೇಡಿಕೆಯನ್ನು ತಿರಸ್ಕರಿಸಿದವು.

ಕಂಪೆನಿಯ ಕಡೆಯ ಮಾತನ್ನೂ ಹೇಳಬೇಕು. ಗೆದ್ದ ಒಂದರ ಹಿಂದೆ ಸೋತ ಹಲವು ಔಷಧಿಗಳ ಖರ್ಚಿದೆ ಎನ್ನುತ್ತಾರೆ. ನಾನು ಮೊದಲೇ ಹೇಳಿದ ನೂರಕ್ಕೆ ಐದರ ಲೆಕ್ಕ ಅದಕ್ಕೆ ಸಾಕ್ಷಿ. ಬಡರೋಗಿಗಳಿಗೆ ಬಿಟ್ಟಿಯಾಗಿ ಕೊಡುವ ಏರ್ಪಾಡನ್ನೂ ಆ ಕಂಪೆನಿ ಮಾಡಿತ್ತು. ನಮ್ಮಲ್ಲಿ ಸಾವಿರಾರು ಜನ ಅದರಿಂದ ಔಷಧಿ ಪಡೆದರು. ಅದನ್ನು ಇಲ್ಲವೆನ್ನಬಾರದು. ಆದರೆ ದಾನ ಕೊಡುವವನ ಇಷ್ಟಕ್ಕೆ ಸೇರಿದ್ದು, ನಿಲ್ಲಿಸುವುದೂ ಅವನ ಇಷ್ಟವೇ. ಆ ವರ್ಣತಂತುವನ್ನು ಕಂಡುಹಿಡಿದ ದಶಕಗಳ ಕೆಲಸಕ್ಕೆ ಬಹುಮಟ್ಟಿಗೆ ಸರ್ಕಾರದ ಮತ್ತು ಧರ್ಮಾರ್ಥ ಸಂಸ್ಥೆಗಳ ಹಣ ಹೋಗಿದೆ. ಏಣಿಯ ಒಂದೊಂದು ಮೆಟ್ಟಿಲಿನಲ್ಲಿ ರೋಗಿಗಳು ತಮ್ಮ ಮೈಯನ್ನು ಹೂಡಿದ್ದಾರೆ. ಕಂಪೆನಿಯ ಹಣ ಬಂಡವಾಳವಾದರೆ ಇವರ ಮೈ ಬಂಡವಾಳವಲ್ಲವೆ? ಪಾಲು ವ್ಯಾಪಾರದಲ್ಲಿ ನಷ್ಟವನ್ನೆಲ್ಲ ಒಬ್ಬನ ಖಾತೆಗೆ, ಲಾಭವನ್ನೆಲ್ಲ ಇನ್ನೊಬ್ಬನ ಖಾತೆಗೆ ಬರೆಯುವ ಲೆಕ್ಕವನ್ನು ನಮ್ಮ ಪೇಟೆಯಲ್ಲಿ ಯಾರೂ ಒಪ್ಪುವುದಿಲ್ಲ.

ನಾವು ಮಾಡಬೇಕಾದುದು

ಮೊದಲು, ಒಬ್ಬೊಬ್ಬರೂ ಕೇಳಬೇಕಾದ ಪ್ರಶ್ನೆಗಳು. ಇದು ಪರೀಕ್ಷೆಯ ಎಷ್ಟನೆಯ ಹಂತ? ನನಗಿಂತ ಮೊದಲು ಎಷ್ಟು ಜನರಿಗೆ ಕೊಟ್ಟಿದ್ದೀರಿ, ಅವರಿಗೆ ಏನಾಯಿತು, ನಾನು ಏಣಿಯ ಯಾವ ಮೆಟ್ಟಿಲಿನಲ್ಲಿದ್ದೇನೆ? ಸೇರದಿದ್ದರೆ ನನಗಿರುವ ಬೇರೆ ದಾರಿ ಯಾವುದು, ನೋವು ಕಡಿಮೆ ಮಾಡುವ ಚಿಕಿತ್ಸೆ ಸಿಕ್ಕುತ್ತದೆಯೆ? ಬಸ್ಸಿನ ಖರ್ಚು, ತಪ್ಪಿದ ದಿನಗೂಲಿ ಯಾರು ಕೊಡುತ್ತಾರೆ? ಅಪಾಯವಾದರೆ ರಾತ್ರಿ ಎರಡು ಗಂಟೆಗೆ ಯಾರನ್ನು ಕೂಗಬೇಕು, ಅವರ ಹೆಸರು ಕಾಗದದಲ್ಲಿದೆಯೆ? ಔಷಧಿ ನನಗೆ ಹಿಡಿಸಿದರೆ ಪರೀಕ್ಷೆ ಮುಗಿದ ಮೇಲೂ ಸಿಕ್ಕುತ್ತದೆಯೆ? ಈ ಕೊನೆಯ ಪ್ರಶ್ನೆಗೆ 2019ರ ನಿಯಮಾವಳಿಯಲ್ಲಿ ಆಧಾರವಿದೆ: ಬೇರೆ ಚಿಕಿತ್ಸೆಯಿಲ್ಲದ ರೋಗಿಗೆ ಔಷಧಿ ಹಿತವಾಗಿದ್ದು, ವೈದ್ಯರು ಶಿಫಾರಸು ಮಾಡಿ ನೀತಿ ಸಮಿತಿ ಒಪ್ಪಿದರೆ, ಪರೀಕ್ಷೆಯ ನಂತರವೂ ಬಿಟ್ಟಿಯಾಗಿ ಕೊಡಬೇಕು. ಡಾಕ್ಟರರನ್ನು ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಒಳ್ಳೆಯ ಡಾಕ್ಟರರು ಕೇಳಿದವನನ್ನು ಕಂಡು ಸಂತೋಷಪಡುತ್ತಾರೆ.

ಎರಡನೆಯದು, ಸಂಘವಾಗಿ ನಾವು ಮಾಡಬೇಕಾದುದು. ನೀತಿ ಸಮಿತಿಯಲ್ಲಿ ಒಬ್ಬ ಸಾಮಾನ್ಯ ಪ್ರಜೆ ಇರಬೇಕೆಂದು ಕಾನೂನೇ ಹೇಳಿದೆಯಲ್ಲ, ಆ ಕುರ್ಚಿಯಲ್ಲಿ ಒಬ್ಬ ಕೆಲಸಗಾರ ಏಕೆ ಕೂರಬಾರದು? ಕನ್ನಡದ ಒಪ್ಪಿಗೆ ಪತ್ರವನ್ನು ಮೊದಲು ಅವನಿಗೆ ಓದಿ ಹೇಳಲಿ. ಅವನಿಗೆ ಅರ್ಥವಾಗದ ಪತ್ರ ರೋಗಿಗೂ ಅರ್ಥವಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥ ಸಮಿತಿಯಿರುವ ಆಸ್ಪತ್ರೆಗಳಿಗೆ ನಮ್ಮ ಸಂಘಗಳು ಪತ್ರ ಬರೆದು ಹೆಸರು ಸೂಚಿಸಬೇಕು. ಪತ್ರವನ್ನು ಮನೆಗೆ ಕೊಂಡೊಯ್ದು ಮನೆಯವರೊಡನೆ ಯೋಚಿಸಲು ಪ್ರತಿ ರೋಗಿಗೂ ಕೆಲವು ದಿನ ಕಾಲ ಕೊಡಬೇಕೆಂದೂ ಕೇಳಬೇಕು. ಪರಿಹಾರದ ಅರ್ಧ ಅಂಕವನ್ನು ತೆಗೆಯಲು ನಮ್ಮ ಲೋಕಸಭಾ ಸದಸ್ಯರ ಮೂಲಕ ಪ್ರಶ್ನೆ ಹಾಕಿಸಬೇಕು. ಸರ್ಕಾರದ ಹಣದಿಂದಲೂ ರೋಗಿಗಳ ದೇಹದಿಂದಲೂ ಗೆದ್ದ ಔಷಧಿಗೆ ಬೆಲೆಯ ಮಿತಿ ಹಾಕುವ ಕರಾರನ್ನು ಮೊದಲ ದಿನವೇ ಬರೆಸಬೇಕು. ಗೆದ್ದ ಮೇಲೆ ಕೇಳಿದರೆ ಕೊಡುವವರಾರು?

ಕ್ಯಾನ್ಸರಿಗೆ ಹೊಸ ಔಷಧಿ ಬೇಕು. ಅದು ಬರಬೇಕಾದರೆ ಯಾರಾದರೂ ಮೊದಲನೆಯವರಾಗಬೇಕು. ಮೊದಲನೆಯವರಾಗಲು ಒಪ್ಪಿದವರು ತಮಗಿಂತ ಮುಂದೆ ಬರುವ ರೋಗಿಗಳಿಗಾಗಿ ದೊಡ್ಡ ಕೆಲಸ ಮಾಡುತ್ತಾರೆ, ಅವರಿಗೆ ನಮಸ್ಕಾರ. ಆದರೆ ಅವರನ್ನು ಯಾರೂ ಕತ್ತಲೆಯಲ್ಲಿ ಕರೆದೊಯ್ಯಕೂಡದು.

ನಿಮ್ಮ ಮನೆಗೋ ನೆರೆಮನೆಗೋ ಅಂಥ ಕಾಗದ ಬಂದರೆ, ರುಜು ಹಾಕುವ ಮುನ್ನ ಸಂಘದ ಕಚೇರಿಗೆ ತನ್ನಿ. ಸಂಜೆ ಆರರ ಮೇಲೆ ಯಾರಾದರೊಬ್ಬರು ಇರುತ್ತೇವೆ. ಕೂತು ಓದೋಣ. ಹಾಕುವುದೋ ಬಿಡುವುದೋ, ನಿರ್ಧಾರ ನಿಮ್ಮದು.